ಮರದ ಪಾತ್ರೆಯನ್ನು ಕಡೆಯುವ ಕಾಯಕ

ಶಿವಶರಣರು ಕಾಯಕವನ್ನು ಕುರಿತು ಆಡಿದ ಮಾತುಗಳು ಗ್ರಂಥಗಳ ನಡುವೆ ಕುಳಿತು ಹೊಸೆದ ಮಾತುಗಳಲ್ಲ. ಜೇಡರ ದಾಸಿಮಯ್ಯನ ಮುಂದೆ ಮಗ್ಗವಿತ್ತು. ಮೇದಾರ ಕೇತಯ್ಯನ ಕೈಯಲ್ಲಿ ಬಿದಿರಿತ್ತು. ನುಲಿಯ ಚಂದಯ್ಯನು ಹುಲ್ಲನ್ನು ಕೊಯ್ದು ಹಗ್ಗ ಹೊಸೆಯುತ್ತಿದ್ದನು. ಬಾಚಿಕಾಯಕದ ಬಸವಯ್ಯನಿಗೆ ಬಡಗಿಯ ಬಾಚಿಯೇ ಹೆಸರನ್ನು ತಂದುಕೊಟ್ಟಿತು. ಇವರ ಅನುಭಾವವು ಇವರ ಉಪಕರಣಗಳ ತುದಿಯಿಂದಲೇ ಇಳಿದುಬಂದುದು. ಆದುದರಿಂದ ಉಪಕರಣವನ್ನರಿಯದೆ ಉಪದೇಶವನ್ನು ಮಾತ್ರ ಬಾಯಿಪಾಠ ಮಾಡಿದರೆ ಅರ್ಥವು ಅರ್ಧವೇ ಆಗಿ ಉಳಿಯುವುದು. ಒಂದು ಕಸಬನ್ನು ಅದರ ಮೊದಲಿನಿಂದ ಕಡೆಯವರೆಗೆ ಸಾವಧಾನವಾಗಿ ನೋಡಿದರೆ, ಶರಣರು ಕಾಯಕಕ್ಕೆ ಅಷ್ಟು ದೊಡ್ಡ ಸ್ಥಾನವನ್ನು ಏಕೆ ಕೊಟ್ಟರೆಂಬುದು ತಾನಾಗಿಯೇ ತಿಳಿಯುವುದು. ಮರದ ತುಂಡೊಂದನ್ನು ತಿರುಗಿಸುತ್ತ, ಅದರ ಒಡಲನ್ನು ಬರಿದುಮಾಡಿ ಪಾತ್ರೆಯಾಗಿಸುವ ಕೆಲಸವನ್ನು ಇಲ್ಲಿ ಹಾಗೆ ನೋಡಬಹುದಾಗಿದೆ.

ಒಂದು ಮಾತು, ಮೂರು ಕೆಲಸ

ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುವರು, ಅರಣಿಯಿಂದ ಬೆಂಕಿಯನ್ನೂ ಕಡೆಯುವರು, ಮರವನ್ನೂ ಕಡೆಯುವರು. ಮೂರಕ್ಕೂ ಮಾತು ಒಂದೇ ಆಗಿರುವುದು ಕಾಕತಾಳೀಯವಲ್ಲ, ಚಲನೆಯೂ ಒಂದೇ. ಕಡೆಗೋಲಿಗೆ ಹಗ್ಗವನ್ನು ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆದರೆ ಗೋಲು ತಿರುಗುವುದು. ಅದೇ ಗೋಲನ್ನು ಅಡ್ಡಲಾಗಿ ಮಲಗಿಸಿ, ಅದರ ತುದಿಗೆ ಮರದ ತುಂಡನ್ನು ಬಿಗಿದು, ಬಿಲ್ಲಿನಿಂದಲೋ ಹಗ್ಗದಿಂದಲೋ ಎಳೆದರೆ ಅದೇ ಕಡಸಲು. ಕಾರ್ಖಾನೆಗಳಲ್ಲಿ ಲೇತ್ ಎಂದು ಕರೆಯುವ ವಿದ್ಯುತ್ತಿನ ಯಂತ್ರವು ಇದರ ಮುಂದುವರಿದ ರೂಪವಷ್ಟೆ.

ಈ ವಿದ್ಯೆ ನಾಡಿಗೆ ಹೊಸತಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ಕಡೆದು ನಯಮಾಡಿದ ಕಲ್ಲುಕಂಬಗಳನ್ನು ಇಂದಿಗೂ ಕಾಣಬಹುದು. ಬಸವಣ್ಣನವರ ಕಾಲದ ಶಿಲ್ಪಿಗಳು ಕಲ್ಲನ್ನೇ ಬಳೆಬಳೆಯಾಗಿ ಕಡೆಯಬಲ್ಲವರಾಗಿದ್ದರು. ಈ ಕಾಲದಲ್ಲಿ ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣವು ಮರ ಕಡೆಯುವ ಊರೆಂದು ಹೆಸರಾಗಿದೆ. ಅಲ್ಲಿಯ ಗೊಂಬೆಗಳಿಗೆ 2005–06ರ ಸಾಲಿನಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಧಾರವಾಡದ ಕಡೆಯವರು ಕಲಘಟಗಿಯ ತೊಟ್ಟಿಲನ್ನು ಬಲ್ಲರು. ಅದರ ಬಣ್ಣದ ಕಾಲುಗಳೂ ಕಡಸಲಿನ ಮೇಲೆ ಹುಟ್ಟಿದವೇ.

ಆದರೆ ಮೂರು ಕಡೆತಗಳಲ್ಲಿ ಒಂದು ಭೇದವುಂಟು. ಮೊಸರನ್ನು ಕಡೆದಾಗ ಒಳಗಿದ್ದ ಬೆಣ್ಣೆ ಮೇಲೆ ಬರುವುದು, ಅದನ್ನು ಕೂಡಿಟ್ಟುಕೊಳ್ಳುತ್ತೇವೆ. ಮರವನ್ನು ಕಡೆದಾಗ ಹೊರಬರುವುದು ಹೊಟ್ಟು, ಅದನ್ನು ಗುಡಿಸಿ ಹಾಕುತ್ತೇವೆ. ಅಲ್ಲಿ ತೆಗೆದುಕೊಂಡುದು ಫಲ, ಇಲ್ಲಿ ಬಿಟ್ಟುಕೊಟ್ಟುದರಿಂದ ಫಲ.

ಮಣ್ಣಿನ ಊರಿನಲ್ಲಿ ಮರದ ಪಾತ್ರೆ

ಮಂಗಳೂರು ಮಣ್ಣಿನ ಕಾಯಕಕ್ಕೆ ಲೋಕಪ್ರಸಿದ್ಧವಾದ ಊರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆಯಿಂದ ಆ ಊರಿನ ಹೆಸರು ಕೆಂಪು ಹಂಚಿನೊಡನೆ ದೇಶದೇಶಗಳಿಗೆ ಹೋಯಿತು. ಅದೇ ಮಿಷನ್ನಿನ ಮೋಗ್ಲಿಂಗ್ ಪಂಡಿತರು 19ನೆಯ ಶತಮಾನದ ಮಧ್ಯದಲ್ಲಿ ಅಲ್ಲಿಯ ಕಲ್ಲಚ್ಚಿನಲ್ಲಿ ಬಸವಪುರಾಣವನ್ನು ಮುದ್ರಿಸಿದುದನ್ನೂ, ಕಿಟ್ಟೆಲ್ ಪಂಡಿತರ ಕನ್ನಡ ನಿಘಂಟು 1894ರಲ್ಲಿ ಅಲ್ಲಿಯೇ ಅಚ್ಚಾದುದನ್ನೂ ಸಾಹಿತ್ಯಪ್ರಿಯರು ಬಲ್ಲರು. ಹಂಚಿನ ಕೆಳಗೆ ಮಾತ್ರ ಮರವೇ ಇರಬೇಕು. ತೊಲೆ, ಪಕಾಸಿ, ಕಂಬ, ಬಾಗಿಲುಗಳಿಗೆ ಬೇಕಾದ ಮರ ಘಟ್ಟದ ಕಾಡುಗಳಿಂದ ಬರುತ್ತಿತ್ತು.

ಕರಾವಳಿಯ ಅಡುಗೆಮನೆಯಲ್ಲಿ ಮರಿಗೆ ಎಂಬ ಮರದ ಪಾತ್ರೆ ಬಹುಕಾಲದಿಂದ ಬಳಕೆಯಲ್ಲಿತ್ತು. ತುಳುವರು ಅದನ್ನು ಮರಾಯಿ ಎನ್ನುವರು. ಕೆಲವನ್ನು ಬಾಚಿ ಉಳಿಗಳಿಂದ ತೋಡುತ್ತಿದ್ದರು. ದುಂಡಾದವನ್ನು ಕಡೆಯುವುದೂ ಉಂಟು. ಉಪ್ಪನ್ನು ಇಡಲು ಇದಕ್ಕಿಂತ ತಕ್ಕ ಪಾತ್ರೆಯಿಲ್ಲ. ಕಡಲತೀರದ ತೇವಗಾಳಿಯಲ್ಲಿ ಉಪ್ಪು ನೀರೊಡೆದು ಕಬ್ಬಿಣವನ್ನೂ ಹಿತ್ತಾಳೆಯನ್ನೂ ತಿನ್ನುವುದು. ಹಲಸಿನ ಮರವನ್ನು ಅದು ತಿನ್ನಲಾರದು. ಹಿಂದಿನವರು ಪಾತ್ರೆಯನ್ನು ಅಂದಕ್ಕಾಗಿ ಮಾತ್ರ ಆರಿಸಲಿಲ್ಲ, ಅದರೊಳಗೆ ಇರತಕ್ಕ ವಸ್ತುವಿನ ಸ್ವಭಾವವನ್ನು ನೋಡಿ ಆರಿಸಿದರು.

ಕುಂಬಾರನ ತಿಗುರಿಗೂ ಕಡಸಲಿಗೂ ನೋಟಕ್ಕೆ ಹೋಲಿಕೆಯಿದೆ. ಎರಡೂ ತಿರುಗುವುವು, ಎರಡರ ಮೇಲೂ ಪೊಳ್ಳಾದ ಪಾತ್ರೆ ಹುಟ್ಟುವುದು. ಆದರೆ ಕುಂಬಾರ ಗುಂಡಯ್ಯನ ಕೈಯಲ್ಲಿ ಗಡಿಗೆಯ ಅಂಚು ವಕ್ರವಾದರೆ ಮಣ್ಣನ್ನು ಮತ್ತೆ ಮುದ್ದೆಮಾಡಿ ಮೊದಲಿನಿಂದ ಆರಂಭಿಸಬಹುದಿತ್ತು. ಮರದಲ್ಲಿ ಅದು ಸಾಧ್ಯವಿಲ್ಲ. ಉಳಿ ತೆಗೆದ ಚಕ್ಕೆ ಮರಳಿ ಸೇರದು. ಮಣ್ಣು ಕ್ಷಮೆಯನ್ನು ಕಲಿಸಿದರೆ ಮರವು ಎಚ್ಚರವನ್ನು ಕಲಿಸುವುದು. ಗೃಹಸ್ಥನಿಗೆ ಎರಡು ಪಾಠವೂ ಬೇಕು. ಆಡಿದ ಮಾತು, ಕೊಟ್ಟ ಪೆಟ್ಟು, ಕಳೆದ ದಿನ ಇವು ಮರದ ಚಕ್ಕೆಯಂತೆ, ಮರಳಿ ಅಂಟುವುವಲ್ಲ.

ಒಣಗುವ ಕಾಲ

ಪಾತ್ರೆಯ ಆಯುಸ್ಸು ಕಡಸಲಿನ ಮೇಲೆ ನಿಶ್ಚಯವಾಗುವುದಿಲ್ಲ. ಅದಕ್ಕಿಂತ ತಿಂಗಳುಗಳ ಮೊದಲೇ, ಮರ ಒಣಗುವಾಗ ನಿಶ್ಚಯವಾಗಿರುವುದು. ಹೊಸದಾಗಿ ಕಡಿದ ಮರದಲ್ಲಿ ನೀರು ತುಂಬಿರುತ್ತದೆ. ಮೊದಲು ಜೀವಕೋಶಗಳ ಪೊಳ್ಳಿನಲ್ಲಿರುವ ನೀರು ಹೊರಟುಹೋಗುವುದು, ಆಗ ಮರದ ಅಳತೆ ಬದಲಾಗದು. ಒಣ ಮರದ ತೂಕಕ್ಕೆ ನೂರಕ್ಕೆ ಸುಮಾರು 30ರಷ್ಟು ನೀರು ಉಳಿದ ಬಳಿಕ ಕೋಶಗಳ ಗೋಡೆಯೇ ನೀರನ್ನು ಬಿಡತೊಡಗಿ ಮರ ಕುಗ್ಗುವುದು. ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿದರೆ ತೊಂದರೆಯಿರಲಿಲ್ಲ. ಉದ್ದಕ್ಕೆ ಅದು ಕುಗ್ಗುವುದು ಅತ್ಯಲ್ಪ. ವರ್ಷಬಳೆಗಳ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸರಿಸುಮಾರು ಇಮ್ಮಡಿ. ಆದುದರಿಂದ ಹಸಿಮರದಲ್ಲಿ ಕಡೆದ ದುಂಡು ಪಾತ್ರೆ ಕೆಲವು ವಾರಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗುವುದು, ಇಲ್ಲವೆ ಸೀಳುವುದು. ನಡುತಿರುಳನ್ನು ಒಳಗೊಂಡ ತುಂಡಂತೂ ಸೀಳದೆ ಉಳಿಯುವುದು ಅಪರೂಪ.

ಮಂಗಳೂರಿನಲ್ಲಿ ಈ ಎಚ್ಚರವು ಇಮ್ಮಡಿಯಾಗಿ ಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರದು. ಒಣಗಿದ ಮರವೂ ಆಷಾಢದ ಗಾಳಿಯಿಂದ ನೀರನ್ನು ಮರಳಿ ಹೀರಿ ಉಬ್ಬುವುದು. ಅಲ್ಲಿ ಚೆನ್ನಾಗಿ ಕಂಡ ಪಾತ್ರೆಯೊಂದನ್ನು ಬೇಸಗೆಯಲ್ಲಿ ಕಲಬುರಗಿಯ ನೆಂಟರ ಮನೆಗೆ ಉಡುಗೊರೆಯಾಗಿ ಒಯ್ದರೆ, ಬಯಲುಸೀಮೆಯ ಒಣಬಿಸಿಲಿನಲ್ಲಿ ಅದು ನೀರನ್ನು ಥಟ್ಟನೆ ಕಳೆದುಕೊಂಡು ಬಾಯಿಬಿಡಬಹುದು. ಒಂದು ಊರಿನಲ್ಲಿ ಪರೀಕ್ಷೆಗೆ ನಿಂತುದು ಇನ್ನೊಂದು ಊರಿನಲ್ಲಿಯೂ ನಿಲ್ಲುವುದೆಂದು ನಂಬುವಂತಿಲ್ಲ.

ಅನುಭವಿಗಳು ಇದಕ್ಕೆ ಒಂದು ಕ್ರಮವನ್ನು ಕಂಡುಕೊಂಡಿದ್ದಾರೆ. ಮೊದಲು ತಿರುಳನ್ನು ಬಿಟ್ಟು ಸೀಳಿದ ಹಸಿ ತುಂಡನ್ನು ಒರಟಾಗಿ ಕಡೆಯುವರು. ಗೋಡೆಯನ್ನು ಪಾತ್ರೆಯ ಅಗಲದ ಹತ್ತನೆಯ ಒಂದು ಭಾಗದಷ್ಟು ದಪ್ಪವಾಗಿ ಬಿಡುವರು. ಹತ್ತು ಅಂಗುಲ ಅಗಲದ ಪಾತ್ರೆಗೆ ಒಂದು ಅಂಗುಲದ ಗೋಡೆ. ನೀರು ಬೇಗನೆ ಹೊರಡುವ ಕಡಿತದ ಮುಖಗಳಿಗೆ ಮೇಣವನ್ನು ಬಳಿದು, ಗಾಳಿ ನೇರವಾಗಿ ಬೀಸದ ನೆರಳಿನಲ್ಲಿ ತಿಂಗಳುಗಟ್ಟಲೆ ಇಡುವರು. ಆಗಾಗ ತಕ್ಕಡಿಯಲ್ಲಿ ತೂಗಿ ನೋಡುವರು. ತೂಕ ಇಳಿಯುವುದು ನಿಂತಿತೆಂದರೆ ಮರ ಆ ಊರಿನ ಗಾಳಿಯೊಡನೆ ಸಮತೋಲಕ್ಕೆ ಬಂದಿತೆಂದು ಅರ್ಥ. ಈ ವೇಳೆಗೆ ಅದು ತನ್ನ ವಕ್ರತೆಯನ್ನೆಲ್ಲ ತೋರಿಬಿಟ್ಟಿರುವುದು. ಆ ಬಳಿಕ ಎರಡನೆಯ ಬಾರಿ ಕಡಸಲಿಗೇರಿಸಿ ನಿಜವಾದ ಆಕಾರವನ್ನು ಕೊಡುವರು.

ಇಲ್ಲಿ ಸಾಧಕನು ಗಮನಿಸತಕ್ಕುದೊಂದುಂಟು. ಒರಟು ಗೋಡೆಯನ್ನು ದಪ್ಪವಾಗಿ ಬಿಟ್ಟುದು ಮರದ ದೋಷವನ್ನು ಅಡಗಿಸುವುದಕ್ಕಲ್ಲ, ಅದು ಹೊರಬರಲು ಎಡೆ ಕೊಡುವುದಕ್ಕೆ. ಮಕ್ಕಳ ಶಿಕ್ಷಣದಲ್ಲಿಯೂ ಹೀಗೆಯೇ. ಮೊದಲ ದಿನವೇ ಅಂತಿಮ ರೂಪಕ್ಕೆ ಹೆರೆಯಹೊರಟ ತಂದೆಯು ಮಗುವಿನ ಸಹಜ ಬಾಗನ್ನು ತಡೆದುಕೊಳ್ಳುವಷ್ಟು ದಪ್ಪವನ್ನು ಉಳಿಸದೆ ಹೋಗುವನು.

ಹೊರಮೈಯ ರೇಖೆ

ಹೊರಮೈಯನ್ನು ಮೊದಲು ತಿದ್ದುವುದು ವಾಡಿಕೆ. ಒಳಗು ಹೊರಗನ್ನು ಅನುಸರಿಸಿ ಹೋಗಬೇಕಾದುದರಿಂದ ಹೊರಗಿನ ರೇಖೆ ಸ್ಥಿರವಾಗದೆ ಒಳಗೆ ಕೈಯಿಡಬಾರದು. ದುಂಡುಬಾಯಿಯ ಉಳಿಯನ್ನು ಅಡ್ಡಪಟ್ಟಿಯ ಮೇಲೆ ಊರಿ, ಕೈಯನ್ನಲ್ಲದೆ ಇಡಿಯ ಮೈಯನ್ನೇ ಬಾಗಿಸಿ ಕಡೆಯುವವನು ಉಳಿಯನ್ನು ನಡೆಸುವನು. ಕೈಯೊಂದೇ ನಡೆದರೆ ರೇಖೆಯಲ್ಲಿ ಗೆಣ್ಣುಗಳು ಮೂಡುವುವು. ಪಾದದಿಂದ ಬಾಯಿಯವರೆಗೆ ಎಲ್ಲಿಯೂ ಮುರಿಯದ ಒಂದೇ ಬಾಗು ಬರಬೇಕು. ಪಾದವು ಬಾಯಿಯ ಅಗಲದ ಮೂರರಲ್ಲೊಂದು ಪಾಲಿನಷ್ಟಿದ್ದರೆ ಪಾತ್ರೆ ನೆಲದ ಮೇಲೆ ಭದ್ರವಾಗಿಯೂ ನೋಟಕ್ಕೆ ಹಗುರವಾಗಿಯೂ ಇರುವುದು.

ಯಂತ್ರ ತಿರುಗುತ್ತಿರುವಾಗ ಎಲ್ಲ ಪಾತ್ರೆಯೂ ಚೆಲುವಾಗಿಯೇ ಕಾಣುವುದು. ವೇಗವು ಕುಂದನ್ನು ಮರೆಸುವುದು. ಆದುದರಿಂದ ಆಗಾಗ ನಿಲ್ಲಿಸಬೇಕು. ಹಿಂದಕ್ಕೆ ಸರಿದು, ಬೆಳಕಿಗೆ ಎದುರಾಗಿ ಅಂಚಿನ ರೇಖೆಯನ್ನು ನೋಡಬೇಕು. ಕಣ್ಮುಚ್ಚಿ ಬೆರಳಿನಿಂದ ಸವರಬೇಕು. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ಸಿಕ್ಕುವುದು. ಸಂಸಾರದ ಓಟದಲ್ಲಿರುವವನಿಗೆ ನಿತ್ಯದ ಪೂಜೆಯ ಹೊತ್ತು ಇಂತಹ ನಿಲುಗಡೆಯೇ ಆಗಿದೆ. ನಿಂತು ನೋಡಿಕೊಳ್ಳದವನಿಗೆ ತನ್ನ ಬಾಳು ಸದಾ ನಯವಾಗಿಯೇ ತೋರುವುದು.

ಬಿಲ್ಲಿನ ಕಡಸಲಿನಲ್ಲಿ ಮತ್ತೊಂದು ವಿಶೇಷವಿದೆ. ಹಗ್ಗವನ್ನು ಎಳೆದಾಗ ಮರ ತನ್ನ ಕಡೆಗೆ ತಿರುಗುವುದು, ಬಿಟ್ಟಾಗ ವಿರುದ್ಧವಾಗಿ ತಿರುಗುವುದು. ತನ್ನ ಕಡೆಗೆ ತಿರುಗುವಾಗ ಮಾತ್ರ ಉಳಿ ಕೊರೆಯುವುದು. ಮರಳುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆಗೆಯಬೇಕು. ಒತ್ತುವುದೊಂದು, ಸರಿಯುವುದೊಂದು, ಇವೆರಡೂ ಉಸಿರಾಟದಂತೆ ಕೂಡಿಬಂದರೆ ಕೆಲಸ ನಡೆಯುವುದು. ವಿದ್ಯುತ್ತಿನ ಯಂತ್ರದಲ್ಲಿ ಈ ಬಿಡುವು ತಾನಾಗಿ ಬರುವುದಿಲ್ಲ, ಅಲ್ಲಿ ಅದನ್ನು ಕಡೆಯುವವನೇ ತಂದುಕೊಳ್ಳಬೇಕು.

ಒಡಲನ್ನು ಬರಿದುಮಾಡುವುದು

ಒಳಗನ್ನು ತೋಡುವುದು ಈ ಕಾಯಕದ ಕಠಿನವಾದ ಭಾಗ. ಹೊರಗಡೆ ಉಳಿಯ ತುದಿ ಕಣ್ಣಿಗೆ ಕಾಣುತ್ತಿತ್ತು. ಒಳಗೆ ಹೋದಂತೆ ಅದು ಮರೆಯಾಗುವುದು. ಅಡ್ಡಪಟ್ಟಿಯಿಂದ ಉಳಿಯ ತುದಿ ದೂರವಾದಂತೆ ಅದರ ನಡುಕ ಹೆಚ್ಚುವುದು. ಬಾಯಿ ಕಿರಿದಾಗಿ ಒಡಲು ಹಿರಿದಾದ ಕರಂಡದಂತಹ ಪಾತ್ರೆಯಾದರೆ ಕಡೆಯುವವನು ಬಹುಮಟ್ಟಿಗೆ ಕುರುಡನಾಗಿಯೇ ಕೆಲಸ ಮಾಡಬೇಕು. ಆಗ ಅವನಿಗೆ ದಾರಿ ತೋರುವುದು ಸದ್ದು. ಗೋಡೆ ದಪ್ಪವಾಗಿರುವಾಗ ಸದ್ದು ಮಂದವಾಗಿರುವುದು, ತೆಳುವಾದಂತೆ ಅದು ಏರುತ್ತ ಹೋಗುವುದು. ಕಿವಿಯಿಲ್ಲದೆ ಬರಿಯ ಬಲದಿಂದ ತೋಡುವವನ ಉಳಿ ಗೋಡೆಯನ್ನು ತೂರಿ ಹೊರಬರುವುದು. ವಾರಗಳ ಶ್ರಮ ಒಂದು ಗಳಿಗೆಯಲ್ಲಿ ಸೌದೆಯಾಗುವುದು.

ಬಾಗುಗಾಲಿನ ಕೈವಾರದಿಂದ ಗೋಡೆಯ ದಪ್ಪವನ್ನು ಹಲವೆಡೆ ಅಳೆಯುವರು. ಅದು ಎಲ್ಲೆಡೆಯೂ ಸಮನಾಗಿರಬೇಕು, ಇಲ್ಲವೆ ಕ್ರಮವಾಗಿ ಬದಲಾಗಬೇಕು. ಒಂದೆಡೆ ದಪ್ಪ, ಒಂದೆಡೆ ತೆಳುವಾದರೆ ಎರಡೂ ಬೇರೆ ಬೇರೆ ವೇಗದಲ್ಲಿ ಕುಗ್ಗಿ ಅವುಗಳ ಎಲ್ಲೆಯಲ್ಲಿಯೇ ಬಿರುಕು ಮೂಡುವುದು. ತೆಳುವಾದುದೆಲ್ಲ ದುರ್ಬಲವೆಂದು ಜನ ತಿಳಿಯುವರು. ಸಮನಾಗಿ ತೆಳುವಾದ ಗೋಡೆ ವಿಷಮವಾಗಿ ದಪ್ಪನಾದ ಗೋಡೆಗಿಂತ ಹೆಚ್ಚು ಕಾಲ ಬಾಳುವುದು. ಮನೆಯಲ್ಲಿ ಇರುವುದು ಸ್ವಲ್ಪವಾದರೂ ಎಲ್ಲರಿಗೂ ಸಮನಾಗಿ ಹಂಚಿದರೆ ಆ ಮನೆ ನಿಲ್ಲುವುದು. ಒಬ್ಬನಲ್ಲಿ ಕೂಡಿಟ್ಟು ಇನ್ನೊಬ್ಬನಲ್ಲಿ ಕೊರೆಯಾದರೆ ಸಂಪತ್ತಿದ್ದೂ ಬಿರಿಯುವುದು. ದಾಸೋಹವನ್ನು ಶರಣರು ಕಾಯಕದೊಡನೆ ಏಕೆ ಹೆಣೆದರೆಂಬುದಕ್ಕೆ ಕೈವಾರವೊಂದು ಸಾಕ್ಷಿ.

ಎಲ್ಲಿ ನಿಲ್ಲಿಸಬೇಕೆಂಬುದು ಕೊನೆಯ ಪ್ರಶ್ನೆ. ತಳದಲ್ಲಿ ಇನ್ನೊಂದು ಸುತ್ತು ತೆಗೆಯಬಹುದೆಂಬ ಆಸೆ ಬರುವುದು. ಆ ಒಂದು ಸುತ್ತಿನಲ್ಲಿ ತಳ ತೂತಾದ ಪಾತ್ರೆಗಳು ಎಲ್ಲ ಕಾರ್ಖಾನೆಗಳ ಮೂಲೆಯಲ್ಲಿಯೂ ಬಿದ್ದಿರುತ್ತವೆ. ಆಳವನ್ನು ಅಳೆದು, ಉಳಿದುದನ್ನು ಲೆಕ್ಕಹಾಕಿ, ಆಸೆಯ ಮುಂಚೆಯೇ ಕೈಯನ್ನು ಹಿಂತೆಗೆಯುವವನೇ ನಿಪುಣನು.

ಒಪ್ಪವಿಡುವುದು

ಉಪ್ಪುಕಾಗದದಿಂದ ತಿಕ್ಕುವ ಮೊದಲು ಹರಿತವಾದ ಉಳಿಯಿಂದ ತೆಳುವಾದ ಕೊನೆಯ ಸುತ್ತನ್ನು ತೆಗೆಯಬೇಕು. ಮೊಂಡು ಉಳಿಯ ಗಾಯವನ್ನು ಕಾಗದ ಮುಚ್ಚಲಾರದು. ಚನ್ನಪಟ್ಟಣದಲ್ಲಿ ಬೆಳ್ಳನೆಯ, ನುಣುಪು ಎಳೆಯ ಆಲೆ ಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ತಿಕ್ಕಾಟದ ಬಿಸಿಗೆ ಅರಗು ಕರಗಿ ಮೈಗೆ ಹಿಡಿಯುವುದು. ಬಳಿಕ ಕೇದಗೆಯ ಕುಲದ ಎಲೆಯನ್ನು ಒತ್ತಿ ಹೊಳಪು ತರುವರು. ಮಂಗಳೂರಿನ ತಾಯಂದಿರು ಮೂಡೆಯನ್ನು ಬೇಯಿಸಲು ಕೊಟ್ಟೆ ಕಟ್ಟುವ ಮುಂಡೇವಿನ ಎಲೆಯೂ ಇದೇ ಕುಲದ್ದು. ಒಂದೆಡೆ ಅನ್ನಕ್ಕೆ ಪಾತ್ರೆಯಾದ ಎಲೆಯ ಬಂಧುವು ಇನ್ನೊಂದೆಡೆ ಪಾತ್ರೆಗೆ ಕಾಂತಿಯಾಗಿದೆ.

ಅರಗು ಒಂದು ಸಣ್ಣ ಹುಳು ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಸುರಿಸುವ ರಾಳ. ಶುದ್ಧವಾದ ಅರಗು, ಗಿಡಮೂಲದ ಬಣ್ಣ ಇವು ಮಕ್ಕಳ ಬಾಯಿಗೆ ಹೋದರೂ ಕೇಡಿಲ್ಲವೆಂಬ ನಂಬಿಕೆಯ ಮೇಲೆ ಗೊಂಬೆಯ ಹೆಸರು ನಿಂತಿದೆ. ಅಗ್ಗದ ವಿಷಬಣ್ಣವನ್ನು ಬೆರೆಸಿದವನು ಮಗುವಿಗೂ ಕಸಬಿಗೂ ದ್ರೋಹ ಬಗೆದಂತೆ. ಅರಗು ಬಿಸಿಗೆ ಮೆತ್ತಗಾಗುವುದರಿಂದ ಅದನ್ನು ಬಳಿದ ಪಾತ್ರೆಗೆ ಬಿಸಿ ಅಡುಗೆಯನ್ನು ಹಾಕಬಾರದು. ಅಡುಗೆಯ ಮರಿಗೆಗೆ ಎಣ್ಣೆಯನ್ನು ತೆಳುವಾಗಿ ಸವರಿದರೆ ಸಾಕು.

ಕಾಯಕವು ಕಾಯದಿಂದಲೇ ನಡೆಯತಕ್ಕುದು. ಕಡೆಯುವಾಗ ಹಾರುವ ಮರದ ಹುಡಿ ಶ್ವಾಸಕೋಶಕ್ಕೆ ಹಗೆ. ಅದು ಅರ್ಬುದ ರೋಗಕ್ಕೂ ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು 1995ರಲ್ಲಿ ಪ್ರಕಟಿಸಿತು. ಮೂಗುಬಾಯಿಗೆ ಬಟ್ಟೆಯನ್ನೂ ಕಣ್ಣಿಗೆ ಕನ್ನಡಕವನ್ನೂ ಧರಿಸುವುದು ಹೇಡಿತನವಲ್ಲ. ದೇಹವನ್ನು ದೇಗುಲವೆಂದು ಬಗೆದವರ ಪರಂಪರೆಯಲ್ಲಿ ಅದು ಕರ್ತವ್ಯವೇ ಸರಿ.

ಕಾಣದ ಬಿರುಕು

ಈ ಕಾಯಕದಲ್ಲಿ ಸತ್ಯದ ಪರೀಕ್ಷೆ ಬರುವ ಗಳಿಗೆಯೊಂದಿದೆ. ಪಾತ್ರೆ ಮುಗಿಯುತ್ತ ಬಂದಿದೆ. ಕೊನೆಯ ಸುತ್ತಿನಲ್ಲಿ ಕೂದಲೆಳೆಯಂತಹ ಬಿರುಕು ಕಂಡಿತು. ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮೇಲೆ ಅರಗು ಬಳಿದರೆ ಯಾರಿಗೂ ತಿಳಿಯದು. ಕೊಳ್ಳುವವನು ಸಂತೋಷದಿಂದ ಒಯ್ಯುವನು. ಒಂದು ಬೇಸಗೆ ಕಳೆದ ಮೇಲೆ ಬಿರುಕು ಬಾಯ್ದೆರೆಯುವುದು, ಆಗ ಮಾರಿದವನು ಎದುರಿಗಿರುವುದಿಲ್ಲ.

ಇಲ್ಲಿ ಎರಡು ದಾರಿಗಳಿವೆ. ಬಿರುಕನ್ನು ತೋರಿಸಿ, ಇದು ಒಣ ಪದಾರ್ಥಕ್ಕೆ ಮಾತ್ರ ಸಲ್ಲುವುದೆಂದು ಹೇಳಿ, ಕಡಿಮೆ ಬೆಲೆಗೆ ಕೊಡುವುದು ಒಂದು. ಮುಚ್ಚಿ ಪೂರ್ಣ ಬೆಲೆಗೆ ಕೊಡುವುದು ಮತ್ತೊಂದು. ಮೊದಲನೆಯವನಿಗೆ ಆ ದಿನ ನಷ್ಟ. ಎರಡನೆಯವನ ಕೈಯಿಂದ ಹೊರಟುದು ಪಾತ್ರೆಯೂ ಅಲ್ಲ, ಕಾಯಕವೂ ಅಲ್ಲ. ದುಡಿದುದೆಲ್ಲ ಕಾಯಕವಲ್ಲವೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದುದು ಇದಕ್ಕಾಗಿಯೇ. ಶ್ರಮದೊಡನೆ ಸತ್ಯವೂ ಶುದ್ಧಿಯೂ ಕೂಡಿದಾಗಲೇ ಅದು ಲಿಂಗಕ್ಕೂ ಜಂಗಮಕ್ಕೂ ಸಲ್ಲುವುದು.

ಆದರೆ ತಪ್ಪನ್ನು ಕಡೆಯುವವನ ಮೇಲೆಯೇ ಹೊರಿಸಿ ಕೊಳ್ಳುವವನು ಜಾರಿಕೊಳ್ಳುವಂತಿಲ್ಲ. ಮರ ಒಣಗುವುದಕ್ಕೆ ತಿಂಗಳುಗಳು ಬೇಕು. ಆ ತಿಂಗಳುಗಳಲ್ಲಿ ಕಡೆಯುವವನ ಮನೆಯ ಒಲೆಯೂ ಉರಿಯಬೇಕು. ಒಣಗಿಸಿದ ಮರದ ಪಾತ್ರೆಗೆ ಹಸಿಮರದ ಬೆಲೆಯನ್ನು ಕೇಳಿ ಚೌಕಾಸಿ ಮಾಡುವ ಗಿರಾಕಿಯು, ತಾನರಿಯದೆಯೇ, ಅವನ ಕೈಗೆ ಹಸಿಮರವನ್ನು ಕೊಟ್ಟಂತಾಯಿತು. ನಾಲ್ಕು ಮನೆಗಳು ಹಾಗೆ ಮಾಡಿದರೆ ಕಾದು ಕಡೆಯುವವನು ಕಸಬನ್ನು ಬಿಡುವನು, ಕಾಯದವನು ಉಳಿಯುವನು. ಅಡುಗೆಮನೆಗಳಿಂದ ಮರಿಗೆ ಮರೆಯಾಗಿ ಉಕ್ಕು ಪ್ಲಾಸ್ಟಿಕ್ಕುಗಳು ಬಂದುದಕ್ಕೆ ಬೇರೆ ಕಾರಣಗಳೂ ಉಂಟು. ಈ ಅವಸರವೂ ಅವುಗಳಲ್ಲೊಂದು. ಕೊಳ್ಳುವ ಭಕ್ತನು ಬೆಲೆಯನ್ನು ಕೇಳುವಂತೆಯೇ, ಮರ ಎಷ್ಟು ಕಾಲ ಒಣಗಿತೆಂದೂ ಕೇಳಲಿ. ಪಾತ್ರೆಯನ್ನು ಬೋರಲಿಟ್ಟು ತಳವನ್ನು ನೋಡಲಿ, ಒಳಗೆ ಬೆರಳಾಡಿಸಲಿ, ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಲಿ. ಬಿರುಕಿಲ್ಲದ ಪಾತ್ರೆ ತುಂಬುಸ್ವರದಲ್ಲಿ ಓಗೊಡುವುದು, ಬಿರುಕುಳ್ಳದ್ದು ಒಡಕು ದನಿಗೈಯುವುದು. ಪ್ರಾಮಾಣಿಕನಾದ ಕುಶಲಿಗೆ ಇಂತಹ ಪರೀಕ್ಷೆಯಿಂದ ಅವಮಾನವಾಗದು, ಅವನ ಕಾಯಕಕ್ಕೆ ಸಾಕ್ಷಿ ದೊರೆತಂತಾಗುವುದು.

ಬರಿದಾದುದರ ಬೆಲೆ

ಕಡೆದು ಮುಗಿದ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟರೆ, ಮೊದಲಿನ ತುಂಡಿನ ತೂಕದಲ್ಲಿ ಬಹುಪಾಲು ಹೋಗಿರುವುದು. ಉಳಿದುದು ಕೊಂಚ, ಹೊಟ್ಟಾಗಿ ಹೋದುದೇ ಹೆಚ್ಚು. ಆದರೂ ತುಂಡಿಗಿಲ್ಲದ ಬೆಲೆ ಪಾತ್ರೆಗಿದೆ, ಏಕೆಂದರೆ ತುಂಡು ತನ್ನಿಂದ ತಾನೇ ತುಂಬಿತ್ತು, ಇನ್ನೊಂದಕ್ಕೆ ಅದರಲ್ಲಿ ಎಡೆಯಿರಲಿಲ್ಲ. ಭಕ್ತನ ಎದೆಯ ಮೇಲಿನ ಕರಡಿಗೆಯನ್ನು ನೋಡಿದರೂ ಇದೇ ವಿಷಯ. ಅದರ ಹೊರಗಿನ ಕೆತ್ತನೆ ಎಷ್ಟೇ ಚೆಲುವಾಗಿರಲಿ, ಅದು ಕರಡಿಗೆಯೆನಿಸುವುದು ಒಳಗಿನ ತೆರವಿನಿಂದ, ಆ ತೆರವಿನಲ್ಲಿ ನೆಲಸಿದ ಇಷ್ಟಲಿಂಗದಿಂದ. ಒಳಗು ಒರಟಾಗಿದ್ದು ಹೊರಗು ಹೊಳೆದರೆ ಅದನ್ನು ಧರಿಸಿದವನಿಗಲ್ಲದೆ ಬೇರೆ ಯಾರಿಗೂ ತಿಳಿಯದು. ಅವನಿಗಂತೂ ದಿನವೂ ತಿಳಿಯುವುದು.

ಮನಸ್ಸನ್ನು ಬಯಲಾಗಿಸಬೇಕೆಂಬ ಶರಣರ ಬೋಧೆಯನ್ನು ಕೇಳಿ, ಅದು ತಮಗೆಟುಕದ ಮಾತೆಂದು ಗೃಹಸ್ಥರು ಹಿಂಜರಿಯುವುದುಂಟು. ಕಡೆಯುವವನು ಮರವನ್ನು ಒಂದೇ ಪೆಟ್ಟಿಗೆ ಬರಿದುಮಾಡುವುದಿಲ್ಲ. ಕಾಗದದಷ್ಟು ತೆಳುವಾದ ಒಂದೊಂದು ಸುತ್ತನ್ನು ತೆಗೆಯುವನು, ನಿಲ್ಲಿಸಿ ನೋಡುವನು, ಅಳೆಯುವನು, ಮತ್ತೆ ತೆಗೆಯುವನು. ಇಂದು ಒಂದು ಕೋಪವನ್ನು ನುಂಗಿದುದು ಒಂದು ಸುತ್ತು, ನಾಳೆ ತೂಕದಲ್ಲಿ ಮೋಸಮಾಡದೆ ಕೊಟ್ಟುದು ಇನ್ನೊಂದು ಸುತ್ತು. ಗೃಹಸ್ಥನು ದಿನಕ್ಕೊಂದು ಸುತ್ತನ್ನು ತೆಗೆಯಲಿ, ಸಂಜೆ ನಿಂತು ಬೆರಳಾಡಿಸಿ ನೋಡಲಿ. ಉಳಿ ಹರಿತವಾಗಿರಲಿ, ಕೈ ಅವಸರಪಡದಿರಲಿ.